ಗ್ಯಾರೇಜಿನ ಬಾಗಿಲಿನಿಂದ ಬರುತ್ತಿದ್ದವರು

ಭರಮಣ್ಣನವರು ತಮ್ಮ ಮನೆಯ ಮುಂಬಾಗಿಲಿನಿಂದ ಒಳಗೆ ಹೋದದ್ದನ್ನು, ಎದುರುಮನೆಯವನಾದ ನಾನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಮುಂಬಾಗಿಲೇನು ಸಾಮಾನ್ಯದ್ದಲ್ಲ; ತೇಗದ ಚೌಕಟ್ಟು, ಹಿತ್ತಾಳೆಯ ಹಿಡಿಕೆ, ನೆತ್ತಿಯ ಮೇಲೆ ಗಜಲಕ್ಷ್ಮಿ, ಹೊಸ್ತಿಲಿಗೆ ನಿತ್ಯವೂ ಅರಿಶಿನ ಕುಂಕುಮ. ಕಟ್ಟಿಸುವಾಗ ತಾವೇ ಮುಂದೆ ನಿಂತು ಬಡಗಿಯ ಪ್ರಾಣ ಹಿಂಡಿ ಮಾಡಿಸಿದ ಬಾಗಿಲು ಅದು. ಆದರೆ ಅದು ಬೀಗರಿಗೆ, ಪುರೋಹಿತರಿಗೆ, ವೋಟು ಕೇಳಲು ಬರುವವರಿಗೆ. ಯಜಮಾನರು ಮಾತ್ರ, ಮಳೆಯಿರಲಿ ಬಿಸಿಲಿರಲಿ, ಕೈಯಲ್ಲಿ ಕೊತ್ತಂಬರಿಯ ಕಟ್ಟಿರಲಿ ಹೆಗಲ ಮೇಲೆ ಜೋಳದ ಚೀಲವಿರಲಿ, ಪಕ್ಕದ ಗ್ಯಾರೇಜಿನ ಮುಂದೆ ಬಾಗಿ ಬೀಗ ತೆಗೆದು, ಆ ಕಬ್ಬಿಣದ ಶಟರನ್ನು ಎರಡೂ ಕೈಗಳಿಂದ ಮೇಲಕ್ಕೆತ್ತಿ, ಹಳೆಯ ಮಾರುತಿ ವ್ಯಾನಿನ ಮಗ್ಗುಲಿನ ಗೇಣು ಜಾಗದಲ್ಲಿ ಓರೆಯಾಗಿ ನುಸುಳಿ, ಅಡುಗೆಮನೆಗೆ ತೆರೆದುಕೊಳ್ಳುವ ಒಳಬಾಗಿಲಿನಿಂದಲೇ ತಮ್ಮ ಸಂಸಾರವನ್ನು ಪ್ರವೇಶಿಸುತ್ತಿದ್ದರು. ಕಳ್ಳ ಹಿತ್ತಲಿಂದ ಬಂದರೆ ಭರಮಣ್ಣ ಗ್ಯಾರೇಜಿನಿಂದ ಬರುತ್ತಾನೆ ಎಂದು ಓಣಿಯ ಪಡ್ಡೆಗಳು ಆಡಿಕೊಳ್ಳುತ್ತಿದ್ದರು. ಅಂಥ ಮಾತಿಗೆಲ್ಲ ಕಿವಿಗೊಡುವ ಆಸಾಮಿ ಅವರಲ್ಲ. ಹೊರಗೆ ಹೋಗುವುದು ಯಾವ ಬಾಗಿಲಿನಿಂದಾದರೂ ಆದೀತು, ಒಳಗೆ ಬರುವುದು ಮಾತ್ರ ಇದೊಂದೇ ದಾರಿ.

ನೀಳವಾದ ಒಣಕಲು ದೇಹ, ಕಾಯ್ದ ಹೆಂಚಿನ ಮೈಬಣ್ಣ, ಕಿವಿಗಳ ಮೇಲೆ ಮಾತ್ರ ಉಳಿದುಕೊಂಡ ಬಿಳಿಗೂದಲು. ಮೈಮೇಲೆ ಸದಾ ಡ್ಯಾಮಿನ ಇಲಾಖೆಯವರು ಎಂದೋ ಕೊಟ್ಟ ಖಾಕಿ ಕೋಟು. ಹೊಸಪೇಟೆಯ ಬೇಸಿಗೆಯಲ್ಲಿ ಕಾಗೆಯೂ ನೆರಳು ಹುಡುಕಿಕೊಂಡು ಕೂರುವ ಹೊತ್ತಿನಲ್ಲಿ ಈ ಮಹಾನುಭಾವರು ಕೋಟಿನ ಮೇಲಿನ ಗುಂಡಿಯನ್ನೂ ಬಿಚ್ಚದೆ ಬಜಾರಿಗೆ ಹೋಗಿಬರುತ್ತಿದ್ದರು. ಬಲಜೇಬಿನಲ್ಲಿ ಗ್ರೀಸು ಮೆತ್ತಿದ ಬಟ್ಟೆಯ ಚೂರೊಂದು ಇದ್ದೇ ಇರುತ್ತಿತ್ತು; ಹೆಂಡತಿ ಹೊಳೆಮ್ಮನವರು ಎಷ್ಟು ಸಲ ಕೋಟು ಒಗೆದರೂ ಆ ಜೇಬಿನ ಕರಿ ಹೋಗಲಿಲ್ಲ. ನಡೆಯುವಾಗ ಬಲಗಿವಿಯನ್ನು ತುಸು ಮುಂದೆ ಮಾಡಿಕೊಂಡು ಯಾವುದೋ ದೂರದ ಸದ್ದನ್ನು ಹಿಡಿಯುವವರಂತೆ ನಡೆಯುವರು. ಹಾದಿಯಲ್ಲಿ ಸಿಕ್ಕ ಪ್ರತಿಯೊಂದು ಗೇಟಿಗೂ ಒಮ್ಮೆ ಬೆರಳು ತಾಕಿಸದೆ ಮುಂದೆ ಹೋಗುವವರಲ್ಲ.

ಮಾತು ಬಹಳ ಕಡಿಮೆ, ಅದಕ್ಕೂ ಮೊದಲು ಒಂದು ‘ತಡೀರಿ’. ನನ್ನ ಹೆಂಡತಿ ಸೀತಾಬಾಯಿ ಸಹಜವಾಗಿ ಊಟವಾಯಿತೇ ಎಂದು ಕೇಳಿದರೂ ಆ ಪುಣ್ಯಾತ್ಮರು ‘ತಡೀರಿ’ ಎಂದು ಆಕಾಶ ನೋಡಿ, ಹೊಟ್ಟೆಯನ್ನೊಮ್ಮೆ ವಿಚಾರಿಸಿಕೊಂಡು, ಆಮೇಲೆ ‘ಆತ್ರಿ’ ಎನ್ನುತ್ತಿದ್ದರು. ನಮ್ಮ ಮಗಳಿಗೆ ಗಂಡು ನೋಡುವಾಗ, ಹುಡುಗ ಅವರಿಗೆ ಗೊತ್ತಿದ್ದ ಮನೆತನದವನೆಂದು ಒಂದು ಮಾತು ಕೇಳಿದ್ದೆ. ‘ತಡೀರಿ ಆಚಾರ್ರೇ’ ಎಂದು ಹೋದವರು ನಿಶ್ಚಿತಾರ್ಥದ ಊಟಕ್ಕೆ ಕೂತಾಗ ನನ್ನ ಕಿವಿಯಲ್ಲಿ ‘ಹುಡುಗ ಚಲೋ ಅದಾನ್ರಿ’ ಎಂದರು. ಕಾಲೇಜಿನಲ್ಲಿ ಪಾಠ ಹೇಳಿ ಹೇಳಿ ಬಾಯಿ ಸವೆಸಿಕೊಂಡ ನನ್ನಂಥವನಿಗೆ ಈ ನಿಧಾನ ಮೊದಮೊದಲು ತಮಾಷೆಯಾಗಿ, ಆಮೇಲೆ ಕಿರಿಕಿರಿಯಾಗಿ, ಕಡೆಗೆ ಒಂದು ಬಗೆಯ ಸಮಾಧಾನವಾಗಿ ಕಾಣತೊಡಗಿತು.

ಅವರ ದುಡಿಮೆಯೆಲ್ಲ ತುಂಗಭದ್ರೆಯ ಟಿ.ಬಿ. ಡ್ಯಾಮಿನ ಗೇಟುಗಳ ಮೇಲೆ ಕಳೆಯಿತು. ಸರಪಳಿಗೆ ಗ್ರೀಸು ಬಳಿಯುವುದು, ತುಕ್ಕು ಕೆರೆಯುವುದು, ಹೊಳೆ ತುಂಬಿ ಬಂದಾಗ ಗೇಟು ಎತ್ತುವವರ ಜೊತೆ ನಿಲ್ಲುವುದು. ನೀರು ಬಿಡುವ ದಿನ ನಾವೆಲ್ಲ ಮಕ್ಕಳುಮರಿ ಕಟ್ಟಿಕೊಂಡು ಹೋಗಿ, ಆ ಭೋರ್ಗರೆತದ ಎದುರು ಮಿರ್ಚಿ ಮಂಡಕ್ಕಿ ತಿಂದು, ಮುಖದ ಮೇಲೆ ತುಂತುರು ಬಿತ್ತೆಂದು ಹಿಗ್ಗಿ ಬರುತ್ತಿದ್ದೆವು. ಭರಮಣ್ಣನವರು ಮೇಲೆ ನೀರಿಗೆ ಬೆನ್ನು ಮಾಡಿ ನಿಂತಿರುತ್ತಿದ್ದರು. ಅಷ್ಟು ದೊಡ್ಡ ಸದ್ದಿನೊಳಗೆ ಕಬ್ಬಿಣದ ಸಣ್ಣ ನರಳಿಕೆಯೊಂದು ಕೇಳುತ್ತದೆಯೋ ಎಂದು ಅವರ ಬಲಗಿವಿ ಕಾಯುತ್ತಿತ್ತು. ನಿವೃತ್ತರಾದ ಮೇಲೆ ಆ ಕಿವಿ ಕೆಲಸವಿಲ್ಲದೆ ಊರ ಮೇಲೆ ಬಿತ್ತು. ಮರಿಯಮ್ಮನಹಳ್ಳಿಯಲ್ಲಿ ಒಂದು ಮದುವೆಗೆ ಹೋದಾಗ ಊಟದ ಹಾಲಿನ ಬಾಗಿಲು ಕಿರುಗುಟ್ಟಿತೆಂದು ಎಲೆಯ ಮುಂದಿನಿಂದ ಎದ್ದುಹೋಗಿ, ಬಡಿಸುವವರನ್ನು ನಿಲ್ಲಿಸಿ, ಅಡುಗೆಯವರಿಂದ ಒಳ್ಳೆಣ್ಣೆ ಇಸಿದುಕೊಂಡು ತಿರುಗಣಿಗೆ ಬಿಟ್ಟುಬಂದರು. ನಮ್ಮ ಮನೆಯ ಗೇಟಿಗಂತೂ ಕೇಳುವ ಶಾಸ್ತ್ರವೇ ಇರಲಿಲ್ಲ. ಹಾದುಹೋಗುತ್ತ ಜೇಬಿನ ಬಟ್ಟೆಯಿಂದ ಒಮ್ಮೆ ಒರೆಸಿಬಿಡುವರು, ಸೀತಾಬಾಯಿಯ ಸೀರೆಗೆ ಗ್ರೀಸು ಹತ್ತಿದ ಮೇಲೆಯೇ ನಮಗೆ ಗೊತ್ತಾಗುತ್ತಿದ್ದುದು.

ಇಂಥ ಮನುಷ್ಯನ ಸ್ವಂತ ಮನೆಯ ಶಟರು ಮಾತ್ರ ನಮ್ಮ ಇಡೀ ಚಿತ್ತವಾಡ್ಗಿ ಬಡಾವಣೆಗೆ ಕೇಳುವಂತೆ ಕೂಗುತ್ತಿತ್ತು. ನೆಲ ಬಿಟ್ಟು ಏಳುವಾಗ ಗಡಗಡವೆಂಬ ಸಾಮಾನ್ಯ ಸದ್ದು. ಎದೆಮಟ್ಟಕ್ಕೆ ಬರುತ್ತಲೇ ಗಂಟಲು ಕಟ್ಟಿದವರು ಯಾರೋ ದೂರದಿಂದ ಕರೆದಂತೆ ಒಂದು ನೀಳವಾದ ‘ಕಿಂಯ್ಯ್’. ಆಮೇಲೆ ಮೇಲಿನ ಸುರುಳಿಯೊಳಗೆ ಹೋಗಿ ‘ಢಬ್’. ಬೆಳಗ್ಗೆ ನಮ್ಮಲ್ಲಿ ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಈ ‘ಕಿಂಯ್ಯ್’ ಬಂದು ಸೀತಾಬಾಯಿಯ ಹಾಡಿನ ರಾಗ ಕೆಡುತ್ತಿತ್ತು. ಊರಿಗೆಲ್ಲ ಎಣ್ಣೆ, ಮನೆಗೆ ತುಕ್ಕು ಎಂದು ಆಕೆ ಅವರ ಎದುರಿಗೇ ಆಡಿದ್ದುಂಟು. ಅವರು ‘ತಡೀರಿ’ ಎಂದು ಬಹಳ ಹೊತ್ತು ಯೋಚಿಸಿ, ‘ಅದು ಹಂಗ ಇರ್ಲಿ ಬಿಡ್ರಿ’ ಎಂದಷ್ಟೇ ಹೇಳಿ ಹೋದರು.

ಆ ಶಟರನ್ನು ಅವರು ಕಡೆಗಣಿಸಿದ್ದರೆಂದು ತಿಳಿದರೆ ಅದು ದೊಡ್ಡ ತಪ್ಪು. ನಮ್ಮ ಕಡೆ ಅಮಾವಾಸ್ಯೆಗೆ ಲಾರಿ, ಬೈಕು, ಅಂಗಡಿಗಳಿಗೆಲ್ಲ ಪೂಜೆಯಾಗುವುದು ಪದ್ಧತಿ. ಭರಮಣ್ಣನವರ ಅಮಾವಾಸ್ಯೆ ಶಟರಿನದು. ಬೆಳಗ್ಗೆಯೇ ಸ್ನಾನ ಮಾಡಿ, ಆ ಕೋಟು ತೊಟ್ಟು, ಏಣಿಯೇರಿ ಮೇಲಿನ ಸ್ಪ್ರಿಂಗು ನೋಡುವರು, ಪಟ್ಟಿಗಳನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒಂದೊಂದಾಗಿ ಒರೆಸುವರು. ಪಟ್ಟಿಗಳು ಏರಿಳಿಯುವ ಬದಿಯ ಕಬ್ಬಿಣದ ಸಂದಿಗೆ ಚಾನಲ್ ಎನ್ನುತ್ತಾರೆ. ಸಂಡೂರಿನ ಅದಿರು ಲಾರಿಗಳು ಓಡಾಡಿ ಓಡಾಡಿ ನಮ್ಮೂರಿನ ಎಲ್ಲ ಸಂದುಗಳಲ್ಲೂ ಕೆಂಪು ಧೂಳು ಕೂತಿರುತ್ತದಷ್ಟೆ, ಅದನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯುವರು. ಎಡಗಡೆಯ ಚಾನಲ್ಲಿಗೆ ಮೇಲಿಂದ ಕೆಳಗಿನವರೆಗೆ ಗ್ರೀಸು. ಬಲಗಡೆಗೂ ಗ್ರೀಸೇ, ಆದರೆ ಎದೆಯ ಮಟ್ಟದಲ್ಲಿ ಒಂದು ಗೇಣು ಜಾಗ ಬಿಟ್ಟು. ಅಲ್ಲಿ ಬರೇ ಒಂದು ಬೊಟ್ಟು ಕುಂಕುಮ. ಅಷ್ಟಾದ ಮೇಲೆ ಶಟರನ್ನು ಒಮ್ಮೆ ಇಳಿಸಿ ಒಮ್ಮೆ ಎತ್ತಿ, ಬಲಗಿವಿ ಕೊಟ್ಟು ಕೇಳುವರು. ‘ಕಿಂಯ್ಯ್’ ತೀರ ಸಣ್ಣದಾಗಿದ್ದರೆ ಆ ಗೇಣು ಜಾಗವನ್ನು ಮತ್ತೆ ಒಣಬಟ್ಟೆಯಿಂದ ಉಜ್ಜುವರು. ಧೂಳು ತಿಂದು ದನಿ ಒರಟಾಗಿದ್ದರೆ ಒಂದು ಹನಿ ಎಣ್ಣೆ ಮುಟ್ಟಿಸುವರು. ಒಂದು ದೋಷವನ್ನು ತೆಗೆದುಹಾಕುವುದು ಸುಲಭ, ಅದನ್ನು ಏರದಂತೆ ಇಳಿಯದಂತೆ ಇದ್ದ ಹಾಗೇ ಕಾಪಾಡಿಕೊಂಡು ಬರುವುದು ಎಂಥ ಶ್ರಮವೆಂದು ನಾನು ಕಣ್ಣಾರೆ ಕಂಡೆ. ಯಾಕೆಂದು ಕೇಳಿದರೆ ‘ತಡೀರಿ’ ಎಂಬ ಉತ್ತರ ಸಿದ್ಧವಿತ್ತು.

ಯಾಕೆಂಬುದನ್ನು ನಗುನಗುತ್ತ ಸೀತಾಬಾಯಿಗೆ ಹೇಳಿದವರು ಹೊಳೆಮ್ಮನವರು. ಎಮ್ಮಿಗನೂರಿನ ಹೆಣ್ಣುಮಗಳು, ಗಿಡ್ಡಗೆ, ಚುರುಕಾಗಿ, ಗಂಡ ಆಡದೆ ಉಳಿಸಿದ ಮಾತನ್ನೆಲ್ಲ ತಾವೇ ಆಡಿ ಮುಗಿಸುವಂಥವರು. ಮನೆ ಕಟ್ಟಿಸಿ ಗ್ಯಾರೇಜು ಮಾಡಿಸಿದ ಹೊಸದರಲ್ಲಿ ಭರಮಣ್ಣನವರು ಶಟರಿಗೆ ಎಂಥ ಉಪಚಾರ ಮಾಡಿದ್ದರೆಂದರೆ ಅದು ಉಸಿರೂ ಬಿಡದೆ ಏರುತ್ತಿತ್ತಂತೆ. ಒಂದು ಸಂಜೆ ಡ್ಯೂಟಿ ಮುಗಿಸಿ ಬೆಕ್ಕಿನ ಹಾಗೆ ಒಳಗೆ ಬಂದಿದ್ದಾರೆ. ಬಾಗಿಲಿಗೆ ಬೆನ್ನು ಮಾಡಿ ಒಲೆಯ ಮುಂದೆ ಕೂತಿದ್ದ ಹೊಳೆಮ್ಮ ತಿರುಗಿದರೆ ಹಿಂದೆ ಒಬ್ಬ ಗಂಡಸು. ಕಾದ ಹಂಚು ಕಾಲ ಮೇಲೆ ಬೀಳುವುದೊಂದು ಬಾಕಿ. ‘ಮನಿಗೆ ಬರೋ ಗಂಡಸು ಕೆಮ್ಮಿಯಾದ್ರೂ ಬರಬೇಕು’ ಎಂದು ಹೊಳೆಮ್ಮ ಜಾಡಿಸಿದರಂತೆ, ‘ನೀವಂತೂ ಕೆಮ್ಮಂಗಿಲ್ಲ, ಆ ಶಟರಾದ್ರೂ ಕೆಮ್ಲಿ.’ ಮರುದಿನವೇ ಅವರು ಬಲಗಡೆಯ ಚಾನಲ್ಲಿನಿಂದ ಒಂದು ಗೇಣು ಗ್ರೀಸು ಕೆರೆದು ತೆಗೆದರು. ಅಂದಿನಿಂದ ಅದು ಆ ಮನೆಯ ನೇಮವಾಯಿತು. ‘ಕಿಂಯ್ಯ್’ ಅಂದೊಡನೆ ಹೊಳೆಮ್ಮ ಹಿಟ್ಟು ನಾದಿಟ್ಟ ಉಂಡೆಯನ್ನು ಕೈಗೆತ್ತಿಕೊಂಡು ಪಟಪಟನೆ ತಟ್ಟುವರು. ಭರಮಣ್ಣನವರು ಕೈಕಾಲು ತೊಳೆದು ಬರುವಷ್ಟರಲ್ಲಿ ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬಿರುತ್ತಿತ್ತು. ಇಡೀ ಸಂಸಾರದಲ್ಲಿ ಗಂಡಹೆಂಡಿರು ಆಡಿಕೊಂಡ ಪ್ರೀತಿಯ ಮಾತೆಂದರೆ ಇದೇ ಇರಬೇಕು. ಆತ ಶಟರಿನಿಂದ ಕೂಗಿದರೆ ಈಕೆ ರೊಟ್ಟಿಯಿಂದ ಓಗೊಡುವುದು.

ಹೊಳೆಮ್ಮನವರಿಗೆ ಮರೆವು ಹತ್ತಿದ್ದು ಯಾವಾಗಿನಿಂದ ಎಂದು ಯಾರಿಗೂ ಸರಿಯಾಗಿ ಹೇಳಲಾಗದು. ಸಾರಿಗೆ ಎರಡು ಸಲ ಉಪ್ಪು, ಹೆಸರುಗಳ ಅದಲುಬದಲು. ಒಂದು ದಿನ ಕಾಯಿಪಲ್ಯಕ್ಕೆ ಹೋದವರು ತಮ್ಮ ಓಣಿಯ ಬಾಯಿಯಲ್ಲೇ ನಿಂತು ಚಿತ್ತವಾಡ್ಗಿ ಯಾವ ಕಡೆ ಎಂದು ಕೇಳಿದರು. ಮಗ ಹನುಮೇಶ, ಸೊಸೆ ಸುಷ್ಮಿತಾ ಅದೇ ಮನೆಯ ಮಹಡಿಯಲ್ಲಿದ್ದರು. ಅವನಿಗೆ ತೋರಣಗಲ್ಲಿನ ಕಡೆ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ, ಅವಳಿಗೆ ಲ್ಯಾಬೊಂದರಲ್ಲಿ ರಕ್ತಪರೀಕ್ಷೆಯ ಕೆಲಸ. ಇಬ್ಬರೂ ಒಳ್ಳೆಯವರು, ಡಾಕ್ಟರಲ್ಲಿಗೆ ಕರೆದೊಯ್ದರು, ಮಾತ್ರೆ ತಂದರು. ವಯಸ್ಸಿನ ಮರೆವು, ಇನ್ನು ಹೀಗೇ ಎಂದು ಡಾಕ್ಟರು ಹೇಳಿದರು. ಅತ್ತೆಯವರು ನಮ್ಮನ್ನು ಮರೆತರೂ ಮಾವನವರನ್ನು ಮಾತ್ರ ಮರೆತಿಲ್ಲ ನೋಡ್ರಿ ಎಂದು ಸುಷ್ಮಿತಾ ಸೀತಾಬಾಯಿಯ ಮುಂದೆ ಹೇಳಿ ಕಣ್ಣೊರೆಸಿಕೊಂಡಿದ್ದಳು.

ಈ ನಡುವೆ ಶಟರು ಹೊತ್ತುಗೊತ್ತಿಲ್ಲದೆ ಕೂಗತೊಡಗಿತು. ಬೆಳಗ್ಗೆ ಕೂಗಿತೆಂದರೆ ತಿಂಡಿಯ ಹೊತ್ತಿಗೆ ಮತ್ತೆ, ಮಧ್ಯಾಹ್ನ ಮತ್ತೆ, ದೀಪ ಹಚ್ಚುವಾಗ ಮತ್ತೆ. ಭರಮಣ್ಣನವರು ಮುಂಬಾಗಿಲಿನಿಂದ ಸದ್ದಿಲ್ಲದೆ ಹೊರಬರುವರು, ಅಂಗಳ ದಾಟಿ ಗ್ಯಾರೇಜಿನ ಮುಂದೆ ನಿಲ್ಲುವರು, ಕೋಟು ಸರಿಮಾಡಿಕೊಂಡು ಶಟರು ಎತ್ತಿ ಒಳಗೆ ಹೋಗುವರು. ಎಲ್ಲಿಗೂ ಹೋಗಿ ಬಂದದ್ದಲ್ಲ, ಕೈಯಲ್ಲಿ ಒಂದು ಚೀಲವೂ ಇಲ್ಲ. ಮರೆವು ಹೊಳೆಮ್ಮನಿಗಲ್ಲ, ಭರಮಣ್ಣನಿಗೇ ತಲೆ ಸಡಿಲವಾಗಿದೆ ಎಂದು ಓಣಿ ತೀರ್ಪು ಕೊಟ್ಟಿತು. ಎಪ್ಪತ್ತು ದಾಟಿದ ತೋಳುಗಳು ಅಷ್ಟು ಭಾರವನ್ನು ದಿನಕ್ಕೆ ಅಷ್ಟು ಸಲ ಎತ್ತುವುದನ್ನು ನೋಡಲಾರದೆ ಹನುಮೇಶ ಬೇಡವೆಂದು ಎಷ್ಟೋ ಸಲ ಹೇಳಿದ. ಒಮ್ಮೆ ಭುಜ ಹಿಡಿದುಕೊಂಡು ವಾರಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡರು. ಆಗಲೂ ಎಡಗೈಯಿಂದ ಎತ್ತುವುದನ್ನು ಬಿಡಲಿಲ್ಲ.

ಆ ವರ್ಷ ನವರಾತ್ರಿಯ ಕಡೆಯಲ್ಲಿ ಎಮ್ಮಿಗನೂರಿನಲ್ಲಿ ಹೊಳೆಮ್ಮನ ಅಣ್ಣ ತೀರಿಕೊಂಡರು. ಮಣ್ಣಿಗೆ ಮನೆಯಿಂದ ಒಬ್ಬರಾದರೂ ಹೋಗಬೇಕು. ಹೊಳೆಮ್ಮನವರಿಗೆ ಅದನ್ನು ತಿಳಿಸಿ ಪ್ರಯೋಜನವಿರಲಿಲ್ಲ. ಸುಷ್ಮಿತಾ ರಜೆ ಹಾಕಿ ಅತ್ತೆಯ ಬಳಿ ಕೂತಳು, ಭರಮಣ್ಣನವರು ಹೋದರು, ಹೋದಲ್ಲಿ ಒಂದು ದಿನ ಹೆಚ್ಚೇ ನಿಲ್ಲಬೇಕಾಯಿತು. ಅಪ್ಪ ಊರಲ್ಲಿಲ್ಲದ ಈ ಹೊತ್ತನ್ನೇ ಹನುಮೇಶ ಕಾಯುತ್ತಿದ್ದ. ಆಯುಧ ಪೂಜೆ ಬಂದಿತ್ತು, ತವರಿನ ಸೂತಕ ಕೊಟ್ಟ ಮನೆಗಿಲ್ಲವೆಂದು ಹಬ್ಬ ನಿಲ್ಲಿಸಲಿಲ್ಲ. ಮನೆಯ ಕಬ್ಬಿಣವನ್ನೆಲ್ಲ ತೊಳೆದು ಎಣ್ಣೆ ಹಚ್ಚಿ ಪೂಜಿಸುವ ಹಬ್ಬದಲ್ಲಿ ಅಪ್ಪನ ಶಟರೊಂದು ಹಾಗೆ ಗೋಳಿಡುತ್ತಿರಬೇಕೇ? ಮರಿಯಮ್ಮನಹಳ್ಳಿಯಿಂದ ಪಕೀರಪ್ಪನೆಂಬ ಶಟರಿನ ಕೆಲಸದವನನ್ನು ಕರೆಸಿದ. ಹಳೆಯ ಸ್ಪ್ರಿಂಗು, ಸವೆದ ಪಟ್ಟಿ, ಎರಡೂ ಬದಿಯ ಚಾನಲ್ಲು ಎಲ್ಲ ಕಿತ್ತು ಗುಜರಿಗೆ ಹೋದವು. ಹೊಸವು ಬಂದವು, ಬೇರಿಂಗು ಬಂತು, ಪಟ್ಟಿಗಳಿಗೆ ನೀಲಿ ಬಣ್ಣ ಬಂತು. ಆ ಹುಡುಗನ ಉತ್ಸಾಹ ನೋಡಿ ನನಗೂ ಸಂತೋಷವೇ ಆಯಿತು. ಅಪ್ಪನಿಗೆ ಇನ್ನು ಒಂದು ಬೆರಳು ಸಾಕು ಎಂದು ಬಂದವರಿಗೆಲ್ಲ ಎತ್ತಿ ತೋರಿಸುತ್ತಿದ್ದ.

ಪೂಜೆಯ ಸಂಜೆ ನಾನು ಅಲ್ಲೇ ಇದ್ದೆ. ಶಟರಿಗೆ ಚೆಂಡುಹೂವಿನ ಸರ, ವ್ಯಾನಿನ ಗಾಲಿಗೆ ನಿಂಬೆಹಣ್ಣು, ನೆಲದ ಮೇಲೆ ಒಡೆದ ಬೂದುಗುಂಬಳದ ಚೂರು, ಎಲ್ಲರ ಕೈಯಲ್ಲೂ ಮಂಡಕ್ಕಿ ಬೆಲ್ಲದ ಪ್ರಸಾದ. ಪೂಜೆ ಮುಗಿಸಿ ಶಟರು ಇಳಿಸಿ ಅಂಗಳದಲ್ಲಿ ನಿಂತಿದ್ದೆವು. ಒಳಗೆ ಹೊಳೆಮ್ಮ ಎರಡು ದಿನದಿಂದ ಸುಷ್ಮಿತಾಳನ್ನು, ನಮ್ಮನೆಯವರು ಬಂದರೇ ಎಂಬ ಒಂದೇ ಮಾತು ಕೇಳುತ್ತ ಅಡುಗೆಮನೆ ಬಿಟ್ಟು ಕದಲಿರಲಿಲ್ಲವಂತೆ. ಭರಮಣ್ಣನವರು ಬಸ್ಸಿಳಿದು ಧೂಳು ಮೈಯಲ್ಲಿ ಬಂದರು. ನೀಲಿ ಬಣ್ಣವನ್ನೂ ಹೂವನ್ನೂ ನೋಡಿದರು. ಬಾಗಿ ಹಿಡಿಕೆಗೆ ಕೈ ಹಾಕಿದರು. ಶಟರು ಅವರ ಕೈಗಿಂತ ಮುಂದಾಗಿ, ಉಸಿರೂ ಬಿಡದೆ ಮೇಲೆ ಹೋಯಿತು. ಅವರು ಹಾಗೇ ಕೈ ಮೇಲೆತ್ತಿಕೊಂಡು ಸ್ವಲ್ಪ ಹೊತ್ತು ನಿಂತರು, ಬಲಗಿವಿ ಇನ್ನೂ ಮುಂದಕ್ಕೇ ಇತ್ತು. ಆಮೇಲೆ ವ್ಯಾನಿನ ಮಗ್ಗುಲಿನಿಂದ ಒಳಗೆ ಹೋದರು. ಅಡುಗೆಮನೆಯಿಂದ ಹೊಳೆಮ್ಮನ ದನಿ ನಮಗೆಲ್ಲ ಕೇಳಿಸಿತು. ಯಾರಪ್ಪ, ಹೆಣ್ಣುಮಕ್ಕಳಿರೋ ಕಡೆ ಹಿಂಗ ಬರಬಾರದು, ಮುಂದಿನ ಬಾಗಿಲಿಂದ ಬಾ ಎಂದು ಆಕೆ ಯಾರಿಗೋ ತಿಳಿಹೇಳುತ್ತಿದ್ದರು. ಯಾರೋ ಹೊರಗಿನವರಿಗಿರಬೇಕೆಂದು ನಾವು ಮಾತು ಮುಂದುವರಿಸಿದೆವು. ಭರಮಣ್ಣನವರು ಹೊರಗೆ ಬಂದರು.

‘ಹೆಂಗಾಗೈತಪ್ಪಾ?’ ಎಂದ ಹನುಮೇಶ, ಮೈಯೆಲ್ಲ ನಗುವಾಗಿ.

‘ತಡಿ’ ಎಂದರು ಅವರು. ಮಗನ ಮುಖವನ್ನು ನೋಡುತ್ತ ಬಹಳ ಹೊತ್ತು ನಿಂತರು. ‘ಚಲೋ ಆಗೈತಿ.’

ಮರುದಿನ ವಿಜಯದಶಮಿ. ಬೆಳಗ್ಗೆಯೇ ನನ್ನ ಬಾಗಿಲಲ್ಲಿ ನಿಂತಿದ್ದರು. ಸ್ಕೂಟರಿನ ಮೇಲೆ ಗುಜರಿ ಅಂಗಡಿಗೆ ಕರೆದೊಯ್ಯಬೇಕೆಂದು ಕೇಳಿದರು, ‘ತಡೀರಿ’ ಎನ್ನದೆ. ಅಂಗಡಿಗೆ ಹಬ್ಬದ ರಜೆ, ಯಜಮಾನಿ ಹುಸೇನಮ್ಮ ಹಿಂದಿನ ಮನೆಯಿಂದ ಎದ್ದುಬಂದು, ಹಳೆಯ ಮಾಲೆಲ್ಲ ಹಬ್ಬಕ್ಕೆ ಮುಂಚಿನ ಲಾರಿಗೇ ಕರಗಲು ಹೋಯಿತೆಂದು ಹೇಳಿದಳು. ಅವರು ನಂಬದವರಂತೆ ಅಂಗಳದ ರಾಶಿಗಳ ನಡುವೆ ನಡೆದರು. ಬಾಗಿ, ಕಬ್ಬಿಣದ ಪಟ್ಟಿಗಳನ್ನು ಒಂದೊಂದಾಗಿ ತಿರುಗಿಸಿ, ಕುಂಕುಮ ಹತ್ತಿದ ಒಂದು ತುಣುಕಾದರೂ ಇದೆಯೇ ಎಂದು ಹುಡುಕಿದರು. ಕೋಟು ಅಲ್ಲಲ್ಲಿ ಸಿಕ್ಕಿ ಹರಿಯಿತು. ಸಾಕು ಬನ್ನಿ ಎಂದು ನಾನೇ ಕೈಹಿಡಿದು ಕರೆತಂದೆ.

ಬರುವಾಗ ರಾಯಕಾಲುವೆಯ ದಂಡೆಯಲ್ಲಿ ಇಳಿಸಿ ಎಂದರು. ಕಾಲುವೆ ತುಂಬಿ ಹರಿಯುತ್ತಿತ್ತು, ಆಚೆ ಬಾಳೆಯ ತೋಟ. ಕಲ್ಲಿನ ಮೇಲೆ ಕೂತು, ಮುಖ ನೀರಿನ ಕಡೆಗಿಟ್ಟುಕೊಂಡೇ ಹೇಳಿದರು:

‘ಅಕಿ ನನ್ನ ಮಾರಿ ಮರತು ಭಾಳ ದಿನ ಆತ್ರಿ ಆಚಾರ್ರೇ. ಶಟರಿನ ಸಪ್ಪಳ ಒಂದ ನೆಪ್ಪಿತ್ತು.’

ಆಮೇಲೆ ತುಂಡುತುಂಡಾಗಿ ಹೇಳಿದ್ದನ್ನು ನಾನು ಜೋಡಿಸಿಕೊಂಡೆ. ಎದುರಿಗೆ ಕೂತ ಭರಮಣ್ಣ ಆಕೆಗೆ ಯಾರೋ ಪರಗಂಡಸು. ‘ಅಣ್ಣಾ’ ಎಂದು ಕರೆದು, ನಮ್ಮನೆಯವರು ಇನ್ನೂ ಬಂದಿಲ್ಲ ಎನ್ನುತ್ತಿದ್ದರು. ಆದರೆ ಶಟರು ಕೂಗಿದೊಡನೆ ಮುಖ ಅರಳಿ ‘ಬಂದ್ರು’ ಎಂದು ಹಿಟ್ಟಿಗೆ ಕೈಯಿಡುವರು. ಆಗ ಗ್ಯಾರೇಜಿನಿಂದ ಒಳಗೆ ಬಂದವನು ಯಾವ ಮುಖದವನಾದರೂ ಗಂಡನೇ. ಆ ಗುರುತು ಸ್ವಲ್ಪ ಹೊತ್ತು ನಿಲ್ಲುವುದು, ಮತ್ತೆ ಅಳಿಸಿಹೋಗುವುದು. ಆಗ ಇವರು ಮೆಲ್ಲಗೆ ಎದ್ದು ಮುಂಬಾಗಿಲಿನಿಂದ ಹೊರಟು, ಸುತ್ತಿಕೊಂಡು ಬಂದು, ಮತ್ತೆ ಶಟರು ಎತ್ತುವರು. ದಿನಕ್ಕೆ ಎಷ್ಟು ಸಲವಾದರೂ ಸರಿಯೆ, ತಮ್ಮ ಹೆಂಡತಿಗೆ ತಾವು ಗಂಡನಾಗಿ ಹುಟ್ಟಿ ಬರುವರು. ಇದನ್ನು ಮಗನಿಗಾದರೂ ಒಂದು ಮಾತು ಹೇಳಬಾರದಿತ್ತೇ ಎಂದೆ. ಕಟ್ಟಿಕೊಂಡ ಹೆಂಡತಿ ತನ್ನನ್ನು ಅಣ್ಣ ಅನ್ನುತ್ತಾಳೆಂದು ಯಾರ ಮುಂದೆ ಹೇಳಲಿ ಎಂದರು. ಆ ಸಂಕೋಚವೇ ಅವರಿಗೆ ಮುಳುವಾಯಿತೆಂದು ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಆದರೆ ಆ ಬಾಗಿದ ಕೋಟಿನ ಬೆನ್ನು ನೋಡಿ ಸಿಟ್ಟು ಇಳಿಯಿತು. ಏಳುವಾಗ ಒಂದೇ ಮಾತು ಕೇಳಿಕೊಂಡರು.

‘ಹನುಮೇಶಗ ಹೇಳಬ್ಯಾಡ್ರಿ. ಪ್ರೀತಿಲೆ ಮಾಡ್ಯಾನ.’

ನಾನು ಹೇಳಲಿಲ್ಲ. ಹೇಳುವ ಕೆಲಸ ಅದೇ ಸಂಜೆ ಹೊಳೆಮ್ಮನವರಿಂದಲೇ ಆಗಿಹೋಯಿತು. ದಶಮಿಯ ಸಂಜೆ ಬನ್ನಿಯೆಲೆ ಕೊಟ್ಟು ಕೊಂಡು ಮಾಡುವುದು ನಮ್ಮ ಕಡೆಯ ರೂಢಿ. ಬನ್ನಿ ಎಂದರೆ ಬಂಗಾರ, ಅಂದು ಮುನಿಸೆಲ್ಲ ಮರೆತು ಎಲ್ಲರ ಮನೆಗೂ ಹೋಗಬೇಕು. ಹೆಂಗಸರು ಗಂಡನಿಗೆ ಬನ್ನಿ ಕೊಟ್ಟು ಕಾಲಿಗೆರಗುತ್ತಾರೆ. ಭರಮಣ್ಣನವರು ಆ ಸಂಜೆ ನನ್ನ ಮತ್ತು ಸೀತಾಬಾಯಿಯ ಹಿಂದೆಯೇ, ನೆಂಟರ ಹಾಗೆ, ತಮ್ಮ ಮನೆಯ ಮುಂಬಾಗಿಲಿನ ಹೊಸ್ತಿಲು ದಾಟಿದರು. ಪಡಸಾಲೆಯಲ್ಲಿ ಹೊಳೆಮ್ಮ ಹೊಸ ಸೀರೆಯುಟ್ಟು ಹಿತ್ತಾಳೆಯ ತಟ್ಟೆಯಲ್ಲಿ ಬನ್ನಿ ಇಟ್ಟುಕೊಂಡು ಕೂತಿದ್ದರು, ಎರಡೂ ಪಕ್ಕದಲ್ಲಿ ಮಗ ಸೊಸೆ. ನಮಗೆ ಕೊಟ್ಟರು. ಆಮೇಲೆ ಗಂಡನ ಅಂಗೈಯಲ್ಲೂ ಎಲೆಯಿಟ್ಟರು.

‘ತಗೋ ಅಣ್ಣಾ. ಬನ್ನಿ ತಗೊಂಡು ಬಂಗಾರದಂಗ ಇರೋಣ.’

ಹೊಳೆಮ್ಮ ತಟ್ಟೆಯಿಂದ ಇನ್ನೊಂದು ಎಲೆ ಆರಿಸಿ, ಹರಿದಿಲ್ಲವಷ್ಟೇ ಎಂದು ತಿರುಗಿಸಿ ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ‘ಇದು ನಮ್ಮನಿಯವ್ರಿಗೆ’ ಎಂದರು. ‘ಇನ್ನೂ ಬಂದಿಲ್ಲ. ಶಟರು ಕೂಗಿಲ್ಲ ನೋಡು.’

ಹನುಮೇಶ ಅಪ್ಪನ ಕಡೆ ನೋಡಿದ. ಭರಮಣ್ಣನವರು ಕೈಯಲ್ಲಿದ್ದ ಎಲೆಯನ್ನು ನೋಡುತ್ತಿದ್ದರು. ಆ ಹುಡುಗನ ಮುಖ ಬಿಳಿಚಿಕೊಂಡದ್ದು ನನ್ನ ಕಣ್ಣಿನಿಂದ ಈಗಲೂ ಹೋಗಿಲ್ಲ.

ಹಬ್ಬ ಕಳೆದ ಕೆಲವೇ ದಿನಕ್ಕೆ ಅವನು ಯಾರಿಗೂ ಹೇಳದೆ ಕಾಲುವೆಯಿಂದ ಮರಳು ತಂದ. ಬಲಗಡೆಯ ಚಾನಲ್ಲನ್ನು ಸೀಮೆಎಣ್ಣೆಯಿಂದ ತೊಳೆದು, ಅಪ್ಪ ಕುಂಕುಮವಿಡುತ್ತಿದ್ದ ಮಟ್ಟವನ್ನು ನೆನಪಿನಿಂದ ಅಳೆದು, ಅಲ್ಲಿ ಮರಳು ಮೆತ್ತಿ ಶಟರು ಎತ್ತಿದ. ಕೂಗೇನೋ ಬಂತು, ಹಲ್ಲು ಜುಮ್ಮೆನ್ನುವ ಒಂದು ಕರ್ಕಶ ಕೂಗು. ಒಳಗಿನಿಂದ ಹೊಳೆಮ್ಮನವರು, ಯಾರೋ ಅಂಗಡಿ ತೆಗೆದರು ಕಾಣುತ್ತದೆ, ಬೆಳಗಾಯಿತೇನೋ ಎಂದರು. ಹನುಮೇಶ ಇಳಿಸಿದ, ಎತ್ತಿದ, ಮತ್ತೆ ಇಳಿಸಿದ. ಕಡೆಗೆ ಆ ಕಬ್ಬಿಣಕ್ಕೆ ಹಣೆ ಹಚ್ಚಿಕೊಂಡು ಅತ್ತ. ಆಗ ಭರಮಣ್ಣನವರು ಬಂದರು. ನಾನು ಆವರೆಗೆ ಕಾಣದಿದ್ದ ಇನ್ನೊಂದನ್ನು ಆ ದಿನ ಕಂಡೆ: ಅವರು ಕೋಟಿನ ಗುಂಡಿಗಳನ್ನು ಬಿಚ್ಚಿ, ಕೋಟನ್ನು ಕಳಚಿ, ಅದನ್ನೇ ಮುದ್ದೆ ಮಾಡಿಕೊಂಡು ಚಾನಲ್ಲಿನ ಮರಳನ್ನು ಮೇಲಿಂದ ಕೆಳಗಿನವರೆಗೆ ಒರೆಸಿ ತೆಗೆದರು. ಬನಿಯನ್ನಿನೊಳಗೆ ಅವರ ಮೈ ಅಷ್ಟು ಸಣ್ಣದೆಂದು ನನಗೆ ಗೊತ್ತೇ ಇರಲಿಲ್ಲ.

‘ಒಳ್ಳೇ ಕಬ್ಬಿಣ ಕೆಡಸಬ್ಯಾಡ’ ಎಂದರು ಮಗನಿಗೆ. ‘ನೀ ಮಾಡಿದ್ದು ಚಲೋನ ಆಗೈತಿ.’ ಆಮೇಲೆ ಡಬ್ಬಿಯಿಂದ ಗ್ರೀಸು ತೆಗೆದು, ಈ ಸಲ ಒಂದು ಗೇಣೂ ಬಿಡದಂತೆ, ಬಲಗಡೆಗೂ ಪೂರ್ತಿ ಬಳಿದರು.

ಈಗ ಅವರು ಮುಂಬಾಗಿಲಿನಿಂದಲೇ ಬರುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಮುಖ ತೊಳೆದು, ಒಗೆದ ಅಂಗಿ ತೊಟ್ಟು, ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ‘ಅದಾರೇನ್ರಿ ಮನ್ಯಾಗ’ ಎಂದು ಯಾರನ್ನೂ ಉದ್ದೇಶಿಸದೆ ಕೇಳುತ್ತಾರೆ. ಅಣ್ಣಾ ಎಂದು ಕರೆದವಳಿಗೆ ತಂಗೀ ಎಂದು ಓಗೊಡುವುದು ಲೋಕದ ಮರ್ಯಾದೆ. ಆ ಒಂದು ಪದವನ್ನು ಅವರ ಬಾಯಿಂದ ನಾನು ಈವರೆಗೂ ಕೇಳಿಲ್ಲ. ಹೊಳೆಮ್ಮ ಅವರನ್ನು ಕೂರಿಸುತ್ತಾರೆ, ತಂಬಿಗೆಯಲ್ಲಿ ನೀರು ತಂದಿಡುತ್ತಾರೆ, ಸೆರಗು ಹೊದ್ದುಕೊಂಡು ಎದುರಿಗೆ ಕೂತು ಗಂಡನ ಸುದ್ದಿ ಹೇಳುತ್ತಾರೆ. ನಮ್ಮನೆಯವರು ಭಾಳ ಒಳ್ಳೆಯವರು, ಮಾತಿಲ್ಲ ಅಷ್ಟೆ. ಹೊಳೆ ತುಂಬಿದರೆ ರಾತ್ರಿಯೆಲ್ಲ ಡ್ಯಾಮಿನ ಮೇಲೆ ನಿಲ್ಲುತ್ತಾರೆ. ನನಗೆ ಭಯವಾಗುತ್ತದೆ, ಅವರ ಮುಂದೆ ಹೇಳಿಲ್ಲ. ನನಗೋಸ್ಕರ ಶಟರಿಗೆ ಗ್ರೀಸು ಹಚ್ಚದೆ ಬಿಟ್ಟಿದ್ದಾರೆ, ಹಂಗ ಯಾರು ಮಾಡ್ತಾರ ಹೇಳು. ಇಷ್ಟು ವರ್ಷದ ಸಂಸಾರದಲ್ಲಿ ಎದುರಿಗೆ ಒಮ್ಮೆಯೂ ಆಡದ ಈ ಮಾತುಗಳನ್ನು ಅವರು ತಲೆ ಬಗ್ಗಿಸಿ, ಬಲಗಿವಿ ಮುಂದೆ ಮಾಡಿ ಕೇಳುತ್ತಾರೆ. ಸೆರಗಿನ ಗಂಟಿನಲ್ಲಿ ಬನ್ನಿಯೆಲೆ ಒಣಗಿ ಪುಡಿಯಾಗಿದೆ. ಸುಷ್ಮಿತಾ ಸೀರೆ ಬದಲಿಸುವಾಗ ಆ ಪುಡಿಯನ್ನೂ ಹೊಸ ಸೆರಗಿಗೆ ಕಟ್ಟಿಕೊಡುತ್ತಾಳೆ. ಮೊನ್ನೆ ನಾನು ಹೋದಾಗ ಕತ್ತಲಾಗುತ್ತ ಬಂದಿತ್ತು. ಭರಮಣ್ಣನವರು ಏಳಲು ನೋಡಿದರು.

‘ಅವರು ಬರೋತನ ಕುಂದ್ರಣ್ಣಾ’ ಎಂದರು ಹೊಳೆಮ್ಮ. ‘ನಿನ್ನ ನೋಡಿದ್ರ ಖುಷಿ ಪಡ್ತಾರ.’

‘ತಡೀತೀನ್ರಿ’ ಎಂದರು ಅವರು, ಮತ್ತೆ ಕೂತರು.

ನಮ್ಮ ಸೀಮೆಯ ಗಂಡಸರಲ್ಲಿ ಹೀಗೊಂದು ಕುಲವುಂಟು. ಮನಸ್ಸಿನಲ್ಲಿದ್ದದ್ದನ್ನು ನಾಲಗೆಗೆ ತರಲಾರದೆ, ಅದನ್ನು ಒಂದು ಅಗುಳಿಗೋ ಚಿಲಕಕ್ಕೋ, ಸಂಜೆ ತಂದ ಕೊತ್ತಂಬರಿಯ ಕಟ್ಟಿಗೋ ಒಪ್ಪಿಸಿ, ಅದು ತಮ್ಮ ಪರವಾಗಿ ಮಾತಾಡಿಕೊಂಡಿರಲೆಂದು ಬಿಟ್ಟಿರುತ್ತಾರೆ. ಆ ವಸ್ತುವನ್ನು ಕಾಪಾಡುವುದರಲ್ಲೇ ಅವರ ಪ್ರೀತಿಯೆಲ್ಲ ಸವೆಯುತ್ತದೆ, ಯಾರಿಗೂ ಕಾರಣ ಹೇಳುವುದಿಲ್ಲ, ಆದ್ದರಿಂದ ಅದನ್ನು ಅವರಿಂದ ಕಸಿಯುವವರೂ ಅವರನ್ನು ಪ್ರೀತಿಸುವವರೇ ಆಗಿರುತ್ತಾರೆ. ವಸ್ತು ಮೂಕವಾದ ದಿನ ಅವರ ಗುರುತೂ ಅಳಿಯುತ್ತದೆ. ಆಗಲೂ ಅವರು ಎದ್ದು ಹೋಗುವುದಿಲ್ಲ. ತಮ್ಮದೇ ಪಡಸಾಲೆಯಲ್ಲಿ ಅತಿಥಿಗಳಾಗಿ ಕೂತು, ಎದುರಿಗಿರುವವರ ಸಮಾಧಾನಕ್ಕೆ, ತಾವೇ ಬರುವುದನ್ನು ತಾವೇ ಕಾಯುತ್ತಾರೆ.